ಹದಿಮೂರನೆಯ ಹೆಜ್ಜೆ

ಹೊಳೆ ದಂಡೆಯ ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಬೆಳಗಿನ ಪೂಜೆಗೆ ಮುಂಚೆ ಶಿಷ್ಯನೊಬ್ಬ ದಂಡೆಗೆ ಇಳಿದು, ನೀರು ಎಷ್ಟು ಮೆಟ್ಟಿಲು ನುಂಗಿದೆ ಎಂದು ಎಣಿಸಿ ಬರೆದಿಡಬೇಕು.

ಹನ್ನೊಂದು ವರ್ಷದಿಂದ ಆ ಕೆಲಸ ಶಾಂತಯ್ಯನದು. ಜ್ವರ ಬಂದಾಗಲೂ ಕಂಬಳಿ ಹೊದ್ದು ಇಳಿದವನು. ಅಷ್ಟು ಅಂಕಿ ಬರೆದವನಿಗೆ ಹೊಳೆಯ ಗುಟ್ಟೆಲ್ಲ ತನಗೆ ಗೊತ್ತು ಎನಿಸಿದ್ದರೆ ಅದೇನು ದೊಡ್ಡ ತಪ್ಪಲ್ಲ, ಬಿಡಿ.

ಮಹಾನವಮಿಯ ಮರುದಿನ ಅಂಬಿಗರ ದ್ಯಾಮವ್ವ ಮಠಕ್ಕೆ ಬಂದಳು. ನೀರು ಇಳಿದ ಮೇಲೆ ಹೊಳೆಯ ಉಸುಕಿನಲ್ಲಿ ಕರಬೂಜ ಬೆಳೆಯುವವಳು. ಸೆರಗಿನ ತುದಿಯಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಂಡಿದ್ದಳು.

“ಹ್ವಾದ ವರ್ಷ ಬಿತ್ತಿದ ಮ್ಯಾಲೆ ಹೊಳಿ ಮತ್ತ ಏರಿ ಎಲ್ಲಾ ಒಯ್ತರಿ, ಅಯ್ನಾರ. ನಮ್ಮತ್ತಿ ಕಾಲದ ತಳಿ. ಉಳಿದದ್ದು ಇಷ್ಟ. ತಡಾ ಮಾಡಿದ್ರ ಬಿಸಲಿಗೆ ಅರ್ಧ ಹೀಚು ಉದುರತಾವು. ಯಾವತ್ತ ಬಿತ್ತಲಿ?”

ಶಾಂತಯ್ಯ ಕಾಗದದ ಕಟ್ಟು ಬಿಚ್ಚಿದ. ಪ್ರತಿ ವರ್ಷ ಮಹಾನವಮಿಯಾದ ಎಷ್ಟನೇ ದಿನಕ್ಕೆ ಹೊಳೆ ಕೊನೆಯ ಸಲ ಏರಿತ್ತು ಎಂದು ಹೆಕ್ಕಿದ. ಎಲ್ಲ ಕೂಡಿಸಿ ಹನ್ನೊಂದರಿಂದ ಭಾಗಿಸಿದ. ಶೇಷವಿಲ್ಲದೆ ಉತ್ತರ ಬಂತು. ಮುಖ ಅರಳಿತು.

“ಹದಿಮೂರನೇ ದಿನಕ್ಕ ಹೊಳಿ ಕಡೀ ಸಲ ಏರತೈತಿ. ಹದಿನಾಲ್ಕಕ್ಕ ಬಿತ್ತ ಯವ್ವಾ. ಕಣ್ಣ ಮುಚ್ಚಿ ಬಿತ್ತ.”

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಗುರು ಮುದ್ದಯ್ಯಜ್ಜ ತಲೆಯೆತ್ತಿದರು.

“ಕಣ್ಣ ತಗದ ಬಿತ್ತೂದು ಚೊಲೊ ಅಲ್ಲೇನು? ಆ ಹನ್ನೊಂದೂ ವರ್ಷ ಆಕಿಗೆ ತೋರಸು.”

ಶಾಂತಯ್ಯ ಒಂದೊಂದೇ ವರ್ಷದ ಅಂಕಿ ಓದತೊಡಗಿದ. ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ದ್ಯಾಮವ್ವ ಸೆರಗು ಅಡ್ಡ ಹಿಡಿದು ಆಕಳಿಸಿದಳು.

“ಓದು ಅನ್ನಲಿಲ್ಲೋ, ತೋರಸು ಅಂದೆ” ಎಂದು ಅಜ್ಜ ಎದ್ದು ಹೊಳೆಯತ್ತ ನಡೆದರು.

ದಂಡೆಯ ಹಸಿ ಉಸುಕಿನಲ್ಲಿ ಕೋಲಿನಿಂದ ಉದ್ದಕ್ಕೊಂದು ಗೆರೆ ಎಳೆದರು. “ಈ ತುದಿ ಮಹಾನವಮಿ. ಒಂದ್ ಹೆಜ್ಜಿಗೆ ಒಂದ್ ದಿನ. ಹೊಳಿ ಕಡೀ ಸಲ ಏರಿದ ದಿನಕ್ಕ, ವರ್ಷಕ್ಕೊಂದು ಕಲ್ಲ ಇಡಕೋತ ಹೋಗು.”

ಶಾಂತಯ್ಯ ಕಲ್ಲು ಇಟ್ಟ. ಐದನೇ ಹೆಜ್ಜೆಯಿಂದ ಒಂಬತ್ತರ ಒಳಗೇ ಎಂಟು ಕಲ್ಲು ಗುಂಪಾಗಿ ಕೂತವು. ಉಳಿದ ಮೂರು, ದೂರದಲ್ಲಿ, ಇಪ್ಪತ್ತೆಂಟು ಇಪ್ಪತ್ತೊಂಬತ್ತು ಮೂವತ್ತರಲ್ಲಿ.

“ಈಗ ನೀ ಹೇಳಿದ ದಿನಕ್ಕ ಹೋಗಿ ನಿಂದರು.”

ಹದಿಮೂರು ಹೆಜ್ಜೆ ಎಣಿಸಿ ಶಾಂತಯ್ಯ ನಿಂತ. ಕಾಲ ಬುಡದಲ್ಲಿ ಕಲ್ಲಿರಲಿಲ್ಲ. ಹಿಂದಿನ ಕಲ್ಲು ನಾಲ್ಕು ಹೆಜ್ಜೆ ದೂರ, ಮುಂದಿನದು ಹದಿನೈದು ಹೆಜ್ಜೆ. ಹನ್ನೊಂದು ವರ್ಷದಲ್ಲಿ ಹೊಳೆ ಒಮ್ಮೆಯೂ ಕೊನೆಯ ಸಲ ಏರದ ದಿನದಲ್ಲಿ ಅವನೊಬ್ಬನೇ ನಿಂತಿದ್ದ.

“ಲೆಕ್ಕದಾಗ ತಪ್ಪಿಲ್ಲರಿ, ಅಜ್ಜಾರ” ಎಂದ. ದನಿ ಸಣ್ಣಗಾಗಿತ್ತು.

“ಇಲ್ಲ. ಲೆಕ್ಕ ಸರಿ ಐತಿ.”

ಅಕ್ಷರ ಬಾರದ ದ್ಯಾಮವ್ವ ಗೆರೆಯ ಉದ್ದಕ್ಕೂ ನಡೆದು ದೂರದ ಮೂರು ಕಲ್ಲುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕೊನೆಯದನ್ನು ಮುಟ್ಟಿದಳು.

“ಇದು ಹ್ವಾದ ವರ್ಷದ್ದು, ಹೌದಲ್ರಿ? ನನ್ನ ಬೀಜ ಒಯ್ದದ್ದು.”

ಶಾಂತಯ್ಯ ಕಾಗದ ನೋಡಿದ. ಹೌದು, ಅದೇ. ಓದಿದಾಗ ಆಕಳಿಸಿದ ಹೆಂಗಸು ನೋಡಿದ ಕೂಡಲೇ ತನ್ನ ಹೊಳೆಯನ್ನು ಗುರುತು ಹಿಡಿದಿದ್ದಳು. ಅವನಿಗೆ ಆಕೆಯ ಮೇಲೆ ಭಕ್ತಿಯೇ ಹುಟ್ಟಿತು.

ದ್ಯಾಮವ್ವ ಗಂಟು ಬಿಚ್ಚಿ ಬೀಜವನ್ನು ಎರಡು ಪಾಲು ಮಾಡಿದಳು. “ಈ ಗುಂಪು ದಾಟಿದ ಮ್ಯಾಲೆ ಅರ್ಧ ಬಿತ್ತತೀನಿ. ಉಳಿದ ಅರ್ಧ ಈ ಮೂರೂ ಕಲ್ಲ ದಾಟೂತನ ಗಂಟಿನಾಗ ಇರಲಿ.”

ಯಾರನ್ನೂ ಕೇಳಲಿಲ್ಲ. ಅಜ್ಜ ಸುಮ್ಮನೆ ನಕ್ಕರು.

ಆ ವರ್ಷ ಹೊಳೆ ಕೊನೆಯ ಸಲ ಏರಿದ್ದು ಇಪ್ಪತ್ತೊಂಬತ್ತನೇ ದಿನ. ಬಿತ್ತಿದ ಅರ್ಧ ಹೋಯಿತು. ಗಂಟಿನಲ್ಲಿದ್ದ ಅರ್ಧ ಉಳಿಯಿತು. ಬೇಸಿಗೆಯಲ್ಲಿ ದ್ಯಾಮವ್ವ ಮೊದಲ ಹಣ್ಣನ್ನು ಮಠಕ್ಕೆ ತಂದಾಗ ಅಂಗಳವೆಲ್ಲ ಘಮ್ಮೆಂದಿತು. ಬೀಜ ಮಾತ್ರ ಎಣಿಸಿ ವಾಪಸು ಇಸಿದುಕೊಂಡಳು.

ಶಾಂತಯ್ಯನ ಹುರುಪು ಕೇಳಬೇಕೆ! ಎಲ್ಲರೂ ನೋಡಲಿ ಎಂದು ಮಠದ ಗೋಡೆಯ ಮೇಲೆ ಗೆರೆ ಎಳೆದು, ಹಳೆಯ ಹನ್ನೊಂದರ ಜೊತೆಗೆ ಹೊಸ ವರ್ಷದ್ದೂ ಸೇರಿಸಿ ಸುಣ್ಣದ ಚುಕ್ಕಿ ಇಟ್ಟ. ಎಂಟು ಚುಕ್ಕಿ, ಪಕ್ಕದಲ್ಲೇ ನಾಲ್ಕು. ಅಜ್ಜನನ್ನು ಕರೆತಂದು ತೋರಿಸಿದ.

ಅಜ್ಜ ಕರಬೂಜದ ಹೋಳು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನೋಡಿದರು.

“ಚಂದ ಐತಿ. ನಡುವಿನ ಬಯಲ ಎಲ್ಲಿ ಹೋತೋ?”

“ಗ್ವಾಡಿ ಸಾಲಲಿಲ್ಲರಿ, ಅಜ್ಜಾರ. ಹೆಂಗೂ ಅಲ್ಲೇನೂ ಇರಲಿಲ್ಲಲ್ಲ, ಬಿಟ್ಟೆ.”

“ದ್ಯಾಮವ್ವನ ಕಡಿಂದ ನೀ ಬಿತ್ತಸಾಕ ಹೊಂಟಿದ್ದು ಆ ಬಯಲಾಗ ಅಲ್ಲೇನು?”