ಗುಂಗುರುಪಟ್ಟಣದ ತಗಡು ಸನ್ನದು

ಒಂದಾನೊಂದು ಊರಿನಲ್ಲಿ ಒಂದು ಶಾಲೆಯಿತ್ತು. ಊರಿನ ಹೆಸರು ಗುಂಗುರುಪಟ್ಟಣ. ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಡಿ, ಸುಮ್ಮನೆ ಸಿಟ್ಟು ಬರುತ್ತೆ. ಶಾಲೆ ಅಂದರೆ ಮಾಮೂಲಿ ಶಾಲೆ ಕಣ್ರೋ. ಗೋಡೆಯಿತ್ತು, ಹೆಂಚಿನ ಸೂರಿತ್ತು, ಬೆಂಚಿತ್ತು, ಕರಿಹಲಗೆಯಿತ್ತು. ಪಾಠ ಹೇಳೋಕೆ ಕೆಂಚಮ್ಮ ಟೀಚರ್ ಇದ್ದರು. ಮುಂದಿನ ಬೆಂಚಿನಲ್ಲಿ ದುಗ್ಗಿ ಅನ್ನೋ ಹುಡುಗಿ ಕೂತು ಏಳರ ಮಗ್ಗಿ ಕಲೀತಿದ್ದಳು.

"ಏಳೈದ್ಲೆ ಮೂವತ್ತೈದು" ಅಂದರು ಟೀಚರ್.

"ಏಳೈದ್ಲೆ ಮೂವತ್ತೈದು" ಅಂದಳು ದುಗ್ಗಿ.

"ಏಳಾರ್ಲೆ..." ಅಂದರು ಟೀಚರ್. ಅಷ್ಟರಲ್ಲಿ ಸೂರು ಹೋಯಿತು.

ಗಾಳಿಗೆ ಹಾರಿಹೋಯಿತು ಅಂದುಕೊಂಡಿರಾ? ಗಾಳಿಗೆ ಅಷ್ಟಾದರೂ ಮಾನ ಮರ್ಯಾದೆ ಇದೆ. ನಗರಸಭೆಯವರು ಏಣಿ ಹಾಕಿ ಒಂದೊಂದೇ ಹೆಂಚು ಇಳಿಸಿಕೊಂಡು ಹೋದರು.

ಯಾಕೆ ಅಂತ ಕೇಳಿ. ನಗರಸಭೆ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಡಂಗುರ ಹೊಡೆಸಿದ್ದರು. "ಇನ್ನು ಮೇಲೆ ನಮ್ಮ ನಗರಸಭೆ ಹೊಸ ನಮೂನೆಯ ಶಾಲೆಗಳನ್ನು ಸಾಕುತ್ತದೆ! ಬೇರೆ ಯಾವ ಶಾಲೆಯಲ್ಲೂ ಇಲ್ಲದ್ದು ನಿಮ್ಮ ಶಾಲೆಯಲ್ಲಿದ್ದರೆ ಸನ್ನದು ಕೊಡ್ತೀವಿ. ಆಮೇಲೆ ನಿಮ್ಮಿಷ್ಟದಂತೆ ನಡೆಸಿಕೊಳ್ಳಿ, ಸಾಮಾನೆಲ್ಲ ನಮ್ಮದು!" ಸನ್ನದು ಅಂದರೆ ಕಾಗದ ಅಲ್ಲ. ಬಾಗಿಲಷ್ಟು ದೊಡ್ಡ ತಗಡು. ತಗಡಿನ ತುಂಬ ಅಧ್ಯಕ್ಷರ ಮುಖ. ಮುಖ ಸಣ್ಣದಾಗಿ ಬರೆದರೆ ಅವರು ಮುನಿಸಿಕೊಳ್ಳುತ್ತಿದ್ದರು. ಮತ್ತೆ ಸಾಮಾನು ಎಲ್ಲಿಂದ? ಎಲ್ಲಿಂದ ಅಂದರೆ, ಹಳೇ ಶಾಲೆಯಿಂದ!

ಮೊದಲು ಒಬ್ಬ ಬಂದ. "ನಂದು ಮೆಟ್ಟಿಲ ಶಾಲೆ. ಬರೀ ಮೆಟ್ಟಿಲು. ಮಕ್ಕಳು ಮೇಲೆ ಬರಬೇಕು ತಾನೇ?" ಅಂದ. ಆಹಾ ಅಂದರು ಅಧ್ಯಕ್ಷರು. ಕೆಂಚಮ್ಮ ಟೀಚರ ಹೆಂಚು ಅವನ ಮೆಟ್ಟಿಲಿಗೆ ಹೋಯಿತು. ಹೆಂಚಿನ ಮೇಲೆ ಕಾಲಿಟ್ಟರೆ ಒಡೆಯುತ್ತಲ್ಲ, ಅದಕ್ಕೆ ಮಕ್ಕಳು ಹತ್ತಬಾರದು ಅಂತ ಬೋರ್ಡು ಹಾಕಿದರು.

ಇನ್ನೊಬ್ಬ ಬಂದ. "ನಂದು ಕತ್ತಲೆ ಶಾಲೆ. ಕಣ್ಣಿಗೆ ಏನೂ ಕಾಣದಿದ್ದರೆ ಮಕ್ಕಳ ಮನಸ್ಸು ಆ ಕಡೆ ಈ ಕಡೆ ಹೋಗಲ್ಲ" ಅಂದ. ಟೀಚರ ಕರಿಹಲಗೆ ಅವನ ಕಿಟಕಿ ಮುಚ್ಚೋಕೆ ಹೋಯಿತು.

ಮತ್ತೊಬ್ಬ ಬಂದ. "ನಂದು ಬೆಂಚು ಶಾಲೆ. ಮಕ್ಕಳಿಗೆ ಕಲಿಸಲ್ಲ, ಬೆಂಚಿಗೆ ಕಲಿಸ್ತೀನಿ. ಬೆಂಚು ಗಲಾಟೆ ಮಾಡಲ್ಲ, ಊಟ ಕೇಳಲ್ಲ, ರಜೆ ಹಾಕಲ್ಲ" ಅಂದ. ದುಗ್ಗಿ ಕೂತಿದ್ದ ಬೆಂಚನ್ನೇ ಎಳೆದುಕೊಂಡು ಹೋದರು. ಆ ಬೆಂಚು ಒಂದೇ ವರ್ಷದಲ್ಲಿ ಫಸ್ಟ್ ಕ್ಲಾಸಲ್ಲಿ ಪಾಸಾಯಿತು. ಓದಿದ ಬೆಂಚನ್ನು ಖಾಲಿ ಕೂರಿಸೋಕಾಗುತ್ತಾ? ಅದನ್ನೇ ನಗರಸಭೆಯ ಶಿಕ್ಷಣಾಧಿಕಾರಿಯನ್ನಾಗಿ ಮಾಡಿದರು. ಅದು ಬಿಗಿದುಕೊಂಡು ನಿಂತು, ಎಲ್ಲದಕ್ಕೂ "ನಿಯಮ ಸರಿ" ಅನ್ನುತ್ತಿತ್ತು.

ಕೆಂಚಮ್ಮ ಟೀಚರ್ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ ನಗರಸಭೆಗೆ ಹೋದರು.

"ಅಧ್ಯಕ್ಷರೇ, ಮಕ್ಕಳ ತಲೆ ಸುಡ್ತಿದೆ. ಸೂರು ಹಾಕಿಸಿ ಕೊಡಿ."

"ನಿಮ್ಮ ಶಾಲೆಯಲ್ಲಿ ಹೊಸದೇನಿದೆ ಟೀಚರಮ್ಮಾ?"

"ಮಗ್ಗಿ ಇದೆ."

"ಥೂ, ಅದು ನಮ್ಮ ತಾತನ ಕಾಲದ್ದು. ಹೋಗಿ ಹೋಗಿ."

ಇಷ್ಟಕ್ಕೇ ಮುಗಿದಿದ್ದರೆ ನಾನ್ಯಾಕೆ ಹೀಗೆ ಉರೀತಿದ್ದೆ? ಕೇಳಿ ಮುಂದೆ. ಒಂದು ದಿನ ಬೆಂಚು ಹೇಳಿತು, "ಅಧ್ಯಕ್ಷರೇ, ಉದ್ಘಾಟನೆಯಾದ ಮಾರನೇ ದಿನವೇ ಶಾಲೆ ಹಳೇದಾಗುತ್ತೆ. ಹಳೇದಕ್ಕೆ ನಾವು ಸಾಮಾನು ಕೊಡೋ ಹಾಗಿಲ್ಲ." ಅಧ್ಯಕ್ಷರು ಗಾಬರಿಯಾದರು. "ಹಾಗಾದರೆ ದಿನಾ ಉದ್ಘಾಟನೆ ಮಾಡೋಣ!" ಅಂದರು. ಅವತ್ತಿಂದ ಬೆಳಿಗ್ಗೆ ಟೇಪು ಕಟ್ಟೋದು, ಕತ್ತರಿಸೋದು, ಹಾರ, ಶಾಲು, ಭಾಷಣ. ಭಾಷಣ ಮುಗಿಯೋ ಹೊತ್ತಿಗೆ ಸಂಜೆ. ಮಾರನೇ ದಿನ ಮತ್ತೆ ಟೇಪು.

ಚಪ್ಪಾಳೆ ಯಾರು ತಟ್ಟಬೇಕು? ಬೆಂಚಿಗೆ ಕೈಯಿಲ್ಲವಲ್ಲ. ಮಕ್ಕಳನ್ನು ಎಳಕೊಂಡು ಬಂದು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. "ತಟ್ರೋ! ಇನ್ನೂ ಜೋರಾಗಿ!"

"ಟೀಚರ್, ಏಳಾರ್ಲೆ ಎಷ್ಟು?" ಅಂತ ಸಾಲಿನಲ್ಲೇ ಕೇಳಿದಳು ದುಗ್ಗಿ. ಟೀಚರ್ ಬಾಯಿ ತೆರೆದರು, ಬ್ಯಾಂಡು ಶುರುವಾಯಿತು. ಮಾರನೇ ದಿನ ಕೇಳಿದಳು, ಬ್ಯಾಂಡು. ಅದರ ಮಾರನೇ ದಿನವೂ ಬ್ಯಾಂಡು.

ಮಕ್ಕಳ ಕೈಗೆ ಅದೇ ಅಭ್ಯಾಸ ಹತ್ತಿಬಿಟ್ಟಿತು. ತಟ್ಟೆಗೆ ಮುದ್ದೆ ಬಿದ್ದರೆ ಚಪ್ಪಾಳೆ. ಅವ್ವ ಬೈದರೆ ಚಪ್ಪಾಳೆ. ನಿದ್ದೆಯಲ್ಲೂ ಚಪ್ಪಾಳೆ. ಒಂದು ದಿನ ದುಗ್ಗಿ ಮೆಲ್ಲಗೆ ಕೇಳಿದಳು, "ಟೀಚರ್, ಏಳೈದ್ಲೆ ಎಷ್ಟು?"

ಏಳೈದ್ಲೆ ಅವಳಿಗೆ ಬರುತ್ತಿತ್ತು ಕಣ್ರೋ! ಬಾಯಲ್ಲಿದ್ದದ್ದು ಹೋಯಿತು. ಸೂರು ಹೋದಾಗ ಕೆಂಚಮ್ಮ ಟೀಚರ್ ಅತ್ತಿರಲಿಲ್ಲ. ಅವತ್ತು ಅತ್ತರು. ಅತ್ತು, ಮುಖ ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳನ್ನೆಲ್ಲ ಕರೆದುಕೊಂಡು ನೆಟ್ಟಗೆ ನಗರಸಭೆಗೆ ನಡೆದರು.

"ನನಗೂ ಒಂದು ಸನ್ನದು ಕೊಡಿ. ನನ್ನ ಶಾಲೆಯಲ್ಲಿ ಹೊಸದಿದೆ."

"ಏನದು?"

"ನಮ್ಮಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡ್ತೀವಿ."

ಅಧ್ಯಕ್ಷರು ಬೆಂಚಿನ ಮುಖ ನೋಡಿದರು. ಬೆಂಚು ಯೋಚಿಸಿತು. ಊರಿನ ಒಂದು ಶಾಲೆಯಲ್ಲೂ ಅಂಥದ್ದಿಲ್ಲ! "ನಿಯಮ ಸರಿ" ಅಂದಿತು. "ಎಂಥಾ ತಲೆ ರೀ ನಿಮ್ಮದು!" ಅಂತ ಅಧ್ಯಕ್ಷರು ತಗಡು ಕೊಟ್ಟರು.

"ಇದು ಎರಡರ ಮಗ್ಗಿ ಶಾಲೆಗಾಯಿತು. ಮೂರರ ಮಗ್ಗಿ ಬೇರೆ ಶಾಲೆ. ಎರಡರಲ್ಲಿ ಇಲ್ಲದ್ದು ಮೂರರಲ್ಲಿದೆ" ಅಂದರು ಟೀಚರ್.

"ನಿಯಮ ಸರಿ" ಅಂದಿತು ಬೆಂಚು.

ನಾಲ್ಕರ ಮಗ್ಗಿ ಶಾಲೆಗೊಂದು ತಗಡು. ಐದರ ಮಗ್ಗಿ ಶಾಲೆಗೊಂದು ತಗಡು. ಹೀಗೇ ಇಪ್ಪತ್ತರ ಮಗ್ಗಿವರೆಗೂ. ಒಂದೊಂದು ತಗಡಿನ ಕೆಳಗೆ ನಾಲ್ಕು ನಾಲ್ಕು ಮಕ್ಕಳು, ಇರುವೆ ಸಾಲಿನ ಹಾಗೆ ಹೊತ್ತು ತಂದರು. ಗೋಡೆಯ ಮೇಲೆ ಅಡ್ಡಪಟ್ಟಿ ಕೊಟ್ಟು ಬಡಿದರು. ಸೂರಾಯಿತು. ಅಧ್ಯಕ್ಷರ ಮುಖಗಳೆಲ್ಲ ಆಕಾಶ ನೋಡಿಕೊಂಡು ಮಲಗಿದವು. ಕಾಗೆಗಳಿಗೆ ಬಹಳ ಅನುಕೂಲವಾಯಿತು.

ಬೆಳಿಗ್ಗೆ ಅಧ್ಯಕ್ಷರು ಕತ್ತರಿ, ಟೇಪು, ಬ್ಯಾಂಡು, ಬೆಂಚು ಎಲ್ಲ ಕಟ್ಟಿಕೊಂಡು ಉದ್ಘಾಟನೆಗೆ ಬಂದರು. ಟೀಚರ್ ಬಾಗಿಲಿಗೆ ಅಡ್ಡ ನಿಂತರು.

"ಇನ್ನೊಂದು ಹೊಸದಿದೆ ಅಧ್ಯಕ್ಷರೇ. ಇದು ಉದ್ಘಾಟನೆ ಇಲ್ಲದ ಶಾಲೆ. ಅಂಥದ್ದು ಊರಲ್ಲಿ ಇನ್ನೊಂದಿಲ್ಲ."

"ಏಯ್, ಅದು ಹೇಗಾಗುತ್ತೆ!"

"ನಿಯಮ ಸರಿ" ಅಂದಿತು ಬೆಂಚು.

"ಹಾಗಾದರೆ ನಾನೇನು ಕತ್ತರಿಸಲಿ?" ಅಂತ ಅಳುಮುಖ ಮಾಡಿದರು ಅಧ್ಯಕ್ಷರು. ಟೀಚರ್ ಬಾಗಿಲು ಹಾಕಿಕೊಂಡರು.

ಒಳಗೆ ನೆರಳಿತ್ತು. "ಏಳಾರ್ಲೆ ನಲವತ್ತೆರಡು" ಅಂದರು ಟೀಚರ್. ಮಕ್ಕಳೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಪಾಪ, ಅವಕ್ಕೇನು ಗೊತ್ತು. ದುಗ್ಗಿಯಂತೂ ನಿಲ್ಲಿಸಲೇ ಇಲ್ಲ. ನಿಲ್ಲಿಸೋಕೆ ಅವಳಿಗೆ ಬರುತ್ತಲೇ ಇರಲಿಲ್ಲ. ಟೀಚರ್ ಬಗ್ಗಿ, ಅವಳ ಎರಡೂ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಅವು ತಟ್ಟೋಕೆ ಒದ್ದಾಡುವುದು ನಿಲ್ಲುವವರೆಗೂ ಬಿಡಲಿಲ್ಲ. ಆಮೇಲೆ ಒಂದರಲ್ಲಿ ಬಳಪ ಇಟ್ಟರು.

"ಸಾಕು ಮಗಾ. ಈಗ ಬರಿ."

ದುಗ್ಗಿ ಬರೆದಳು. ಸೊಟ್ಟಗಿತ್ತು, ಆದರೆ ನಲವತ್ತೆರಡೇ.

ಏನು, ನೀತಿ ಬೇಕಾ? ನೀತಿ ಕೇಳೋಕೆ ನಗರಸಭೆಗೆ ಹೋಗಿ, ಬೆಂಚು ಹೇಳುತ್ತೆ. ಒಂದು ಮಗ್ಗಿ ಮುಗಿಸೋಕೆ ಒಬ್ಬಳು ಟೀಚರು ಇಷ್ಟು ನಾಟಕ ಆಡಬೇಕಾಯಿತಲ್ಲ ಅಂತ ನನಗೆ ಇವತ್ತಿಗೂ ಮೈ ಉರಿಯುತ್ತೆ. ಅವರ ಕತೆ ಅಲ್ಲಿಗೆ, ನಮ್ಮ ಊಟ ಇಲ್ಲಿಗೆ. ಏಳಿ, ಕೈ ತೊಳಕೊಳ್ಳಿ. ಏಯ್, ಯಾರೋ ಅದು ಚಪ್ಪಾಳೆ ತಟ್ಟಿದ್ದು?