ತ್ರಿವೇಣಿಯ ಸರ್ಟಿಫಿಕೇಟಿಗೆ ಮೂರು ಸೀಲು

ಹರಿಹರದ ಕರಿಬಸಮ್ಮನಿಗೆ ಇಬ್ಬರು ಮಕ್ಕಳು ಕಣ್ರಪ್ಪಾ. ಮಗಳು ತ್ರಿವೇಣಿ ನರ್ಸು, ಬಲು ಚುರುಕು. ಮಗ ಹಾಲೇಶ? ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅವ್ವ ಹಣೆ ಹಣೆ ಚಚ್ಚಿಕೊಳ್ಳೋಳು.

ತ್ರಿವೇಣಿಗೆ ಕುವೈತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ತು. ಆದರೆ ಅವಳ ಸರ್ಟಿಫಿಕೇಟಿಗೆ ನೋಟರಿ ಸೀಲು, ಬೆಂಗಳೂರಿನ ಸರ್ಕಾರಿ ಸೀಲು, ರಾಯಭಾರ ಕಚೇರಿಯ ಸೀಲು, ಮೂರೂ ಬೀಳಬೇಕು. ತಿಂಗಳೊಳಗೆ ಬೀಳದಿದ್ರೆ ಕೆಲಸ ಬೇರೆಯವರಿಗೆ! ಅವಳಿಗೆ ರಜೆ ಇಲ್ಲ. ಅವ್ವನ ಕಾಲು ಮುರಿದಿದೆ. ಉಳಿದೋನು ಹಾಲೇಶ ಒಬ್ಬನೇ.

"ನೋಟರಿ ವಕೀಲರ ಹತ್ರ ಹೋಗು. ಸೀಲು ಬೀಳೋತನಕ ಅವರ ಬೆನ್ನು ಬಿಡಬೇಡ!"

"ಹೂಂ ಅವ್ವಾ!"

ಹೋದ. ಹೋದೋನೇ ವಕೀಲರ ಬೆನ್ನನ್ನ ಎರಡೂ ಕೈಯಲ್ಲಿ ತಬ್ಬಿ ಹಿಡಿದ.

"ಯಾರಯ್ಯಾ ನೀನು? ಬಿಡೋ!"

"ಸೀಲು ಬೀಳ್ಲಿ, ಬಿಡ್ತೀನಿ!"

ಗುಮಾಸ್ತ ಎಳೆದ, ಜಗ್ಗಿದ. ಬಿಡಲಿಲ್ಲ. ವಕೀಲರು ಏದುಸಿರು ಬಿಡ್ತಾನೇ ಸೀಲು ಒತ್ತಿದರು.

"ಅಯ್ಯೋ ಪೆದ್ದೇ!" ಅಂದಳು ಅವ್ವ. "ಯಾರನ್ನೂ ಮುಟ್ಟಬೇಡ! ಬೆಂಗಳೂರಿನ ಸರ್ಕಾರಿ ಕಚೇರೀಲಿ ಸಾಲಲ್ಲಿ ನಿಲ್ಲು. ಯಾರು ಏನಂದ್ರೂ ನಿಂತ ಜಾಗ ಬಿಡಬೇಡ!"

"ಹೂಂ ಅವ್ವಾ!"

ನಿಂತ. ಮುಂದಿನವರು ಹೋದರು, ಹಿಂದಿನವರು ಅವನನ್ನ ಸುತ್ತಿಕೊಂಡು ಹೋದರು. "ಮುಂದೆ ಹೋಗಯ್ಯಾ!" "ಜಾಗ ಬಿಡಲ್ಲ!" ಕಿಟಕಿ ಮುಚ್ಚಿತು. ಮಾರನೇ ದಿನವೂ ಮುಚ್ಚಿತು. ತಿಂಗಳಿಗೆ ಇನ್ನು ಒಂಬತ್ತೇ ದಿನ!

ಅವ್ವ ಫೋನಲ್ಲಿ ಅತ್ತಳು. "ನಿನ್ನ ತಂಗಿ ಬಾಳು ಮುಳುಗುತ್ತೆ ಕಣೋ! ಮುಂದಿನೋನು ಹೆಜ್ಜೆ ಇಟ್ರೆ ನೀನೂ ಇಡೋ!"

ಇಟ್ಟ. ಮುಂದಿನೋನು ಕೆಲಸ ಮುಗಿಸಿ ಮೆಟ್ಟಿಲಿಳಿದ, ಹಾಲೇಶನೂ ಇಳಿದ. ಅವನು ಬಸ್ ಹತ್ತಿದ, ಇವನೂ ಹತ್ತಿದ! ಆ ಪುಣ್ಯಾತ್ಮನೇ ಇವನ ಕೈಲಿದ್ದ ಫೈಲು ನೋಡಿ, ತಿರುಗಿ ಕರಕೊಂಡು ಬಂದು, ಕಿಟಕಿ ಮುಂದೆ ನಿಲ್ಲಿಸಿದ. ಗುಮಾಸ್ತೆ ಸೀಲು ಹಾಕಿ ಗದರಿದಳು: "ಸೀಲಿಲ್ಲದ್ದು ಯಾವುದೂ ಆ ದೇಶದಲ್ಲಿ ನಡೆಯಲ್ಲ, ತಿಳ್ಕೋ!"

"ಹೂಂ ಅಕ್ಕಾ!"

ರಾಯಭಾರ ಕಚೇರಿಯ ಮೂರನೇ ಸೀಲನ್ನ ತ್ರಿವೇಣಿಗೆ ಕೆಲಸ ಕೊಡಿಸಿದ ಏಜೆಂಟೇ ಹಾಕಿಸಿದ. ಒಂದೇ ದಿನ ಬಾಕಿ ಇತ್ತು. ಅವ್ವ ನಿರಾಳವಾಗಿ ಉಸಿರು ಬಿಟ್ಟಳು.

ಹೊರಡೋ ದಿನ ಕಾರು ಬಾಗಿಲಲ್ಲಿ ಹಾರ್ನ್ ಮಾಡ್ತಿದೆ. ತ್ರಿವೇಣಿ ಬರಿಗಾಲಲ್ಲಿ ಮನೆಯೆಲ್ಲ ಹುಡುಕ್ತಿದ್ದಾಳೆ. ಹೊಸ ಚಪ್ಪಲಿ ಇಲ್ಲ, ಹಾಲೇಶನೂ ಇಲ್ಲ!

"ವಿಮಾನ ತಪ್ಪುತ್ತೆ ತಾಯೀ!" ಅಂದ ಡ್ರೈವರು.

ಅವ್ವನ ಹಳೇ ಚಪ್ಪಲಿ ಮೆಟ್ಟಿಕೊಂಡು, ಅಳ್ತಾ ಕಾರು ಹತ್ತಿದಳು. ಕಾರು ತಿರುವು ದಾಟಿತು. ಆಗ ವಕೀಲರ ಫೋನು.

"ಅಮ್ಮಾ! ನಿಮ್ಮ ಮಗ ನನ್ನ ಮೇಜಿನ ಮೇಲೆ ಒಂದು ಜೊತೆ ಚಪ್ಪಲಿ ಇಟ್ಟಿದ್ದಾನೆ. ಇವಕ್ಕೂ ಸೀಲು ಹಾಕಿ, ಕುವೈತಲ್ಲಿ ನಡೀಬೇಕು ಅಂತಾನೆ!"