ಸುಣ್ಣದ ಗುರುತು

ಹೊಳೆ ದಂಡೆಯ ಹಳೇ ಛತ್ರದಲ್ಲಿ ವಾಮದೇವಯ್ಯ ಎಂಬ ಗುರುಗಳಿದ್ದರು. ಗುರುಗಳು ಅಂದಕೂಡಲೇ ಕಾವಿ, ಕಮಂಡಲ ಅಂತ ಕಣ್ಣು ಮುಚ್ಚಿಕೊಳ್ಳಬೇಡಿ. ಇವರ ಜೇಬಿನಲ್ಲಿ ಇದ್ದದ್ದು ಟೆಸ್ಟರು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ ಅವರದು.

ಜನ ಅಟ್ಟಕ್ಕೆ ಹಾಕಿ ಮರೆತ ರೇಡಿಯೋಗಳು, ಮರದ ಬಾಗಿಲಿದ್ದ ಟೀವಿಗಳು, ಎಲ್ಲವನ್ನೂ ಹೊತ್ತು ತಂದು ಛತ್ರದ ತುಂಬ ಜೋಡಿಸಿದ್ದರು. ಊರವರು ಅದನ್ನು ಮ್ಯೂಸಿಯಂ ಅನ್ನುತ್ತಿದ್ದರು. ಅಲ್ಲಿ ಅಂಟಿಸಿದ ಚೀಟಿಗಳಲ್ಲಿ ಕಂಪನಿಯ ಹೆಸರಿಲ್ಲ, ಇಸವಿಯಿಲ್ಲ. ಯಾರ ಮನೆಯದು, ಯಾರು ಕೇಳುತ್ತಿದ್ದರು, ಅಷ್ಟೇ ಇತ್ತು.

ದಿನಾ ದೀಪ ಹಚ್ಚುವ ಹೊತ್ತಿಗೆ ಎಲ್ಲ ಪೆಟ್ಟಿಗೆಗಳನ್ನೂ ಹತ್ತು ನಿಮಿಷ ಹಾಕಬೇಕು. ಸುಮ್ಮನೆ ಬಿಟ್ಟರೆ ಒಳಗಿನ ಸಾಮಾನು ಕೆಡುತ್ತದೆ. ರೇಡಿಯೋಗಳೊಳಗಿನ ಗಾಜಿನ ವಾಲ್ವುಗಳು ಮೆಲ್ಲಗೆ ಕಾದು ಕೆಂಪಗಾಗುತ್ತಿದ್ದವು. ಟೀವಿ ಪರದೆಗಳಲ್ಲಿ ಬೂದುಬಣ್ಣದ ಚುಕ್ಕಿಗಳು ಕುಣಿಯುತ್ತಿದ್ದವು. ಎಲ್ಲದರ ಗೊರಗೊರ ಸದ್ದೂ ಒಂದಾಗಿ ಕಿಟಕಿ ದಾಟಿ ಹೊಳೆಯ ಮೇಲೆ ಹೋಗುತ್ತಿತ್ತು. ಆ ಹತ್ತು ನಿಮಿಷ ಯಾರೂ ಮಾತಾಡುತ್ತಿರಲಿಲ್ಲ.

ಶಿಷ್ಯೆಯ ಹೆಸರು ಮುಕ್ತಾಂಬ. ಡಿಪ್ಲೊಮಾ ಓದಿದವಳು, ಮೂವತ್ತು ದಾಟಿದವಳು. ಬಂದು ಎರಡು ವರ್ಷವಾಗಿತ್ತು. ಕೈ ಬಲು ಚುರುಕು. ಕೊಳೆ ಅಂದರೆ ಮಾತ್ರ ಅವಳಿಗೆ ಆಗದು. ಅದೇ ಅವಳ ಗ್ರಹಚಾರವಾಯಿತು.

ಪ್ರತಿ ಸೋಮವಾರ ಬೆಳಿಗ್ಗೆ ಹಾಲಮ್ಮ ಎಂಬ ಮುದುಕಿ ಬರುತ್ತಿದ್ದಳು. ಅವಳ ಗಂಡ ದುರ್ಗಪ್ಪ ಅದೇ ಹೊಳೆಯಲ್ಲಿ ದೋಣಿ ನಡೆಸಿದವನು. ಕಡೇ ದೋಣಿ ದಡಕ್ಕೆ ಹತ್ತಿದ ಮೇಲೆ ಗಂಡ ಹೆಂಡತಿ ರೇಡಿಯೋ ಮುಂದೆ ಕೂರುತ್ತಿದ್ದರಂತೆ. ಮುಳ್ಳು ಒಂದು ಜಾಗಕ್ಕೆ ಬಂದಾಗ ದೂರದಲ್ಲಿ ಯಾವಳೋ ಒಬ್ಬಳು ಹಾಡುತ್ತಿದ್ದಳು. ಯಾವ ದೇಶವೋ, ಯಾವ ಭಾಷೆಯೋ. ಆ ಜಾಗ ತಪ್ಪಿಹೋಗದಿರಲಿ ಅಂತ ದುರ್ಗಪ್ಪ ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದು ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಿದ್ದ.

ಅವನು ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿಟ್ಟರೆ ಇಲಿ ತಂತಿ ಕಡಿದಾವು ಅಂತ ಹಾಲಮ್ಮ ಆಗಲೇ ರೇಡಿಯೋವನ್ನು ಗುರುಗಳಿಗೆ ಕೊಟ್ಟಿದ್ದಳು. ಬಂದವಳು ಆ ಬೊಟ್ಟಿನ ಮೇಲೆ ಬೆರಳಿಟ್ಟು, ಕಣ್ಣಿಗೊತ್ತಿಕೊಂಡು, ಒಂದು ಗಳಿಗೆ ಕೂತು ಎದ್ದು ಹೋಗುತ್ತಿದ್ದಳು. ಅದು ಬಿಟ್ಟರೆ ಗಂಡನ ಕೈಯ ಗುರುತು ಅಂತ ಅವಳ ಹತ್ತಿರ ಇನ್ನೇನೂ ಇರಲಿಲ್ಲ.

ಒಂದು ಭಾನುವಾರ ಗುರುಗಳು ಊರಲ್ಲಿರಲಿಲ್ಲ. ಮುಕ್ತಾಂಬನ ಕಣ್ಣು ಆ ಗಾಜಿನ ಮೇಲೆ ಬಿತ್ತು. ಮಸಿ, ಜಿಡ್ಡು, ನೊಣದ ಹಿಕ್ಕೆ. ಪಾಪ, ಒಳ್ಳೇದು ಮಾಡೋಣ ಅಂತಲೇ ಹೊರಟಳು. ಸುಣ್ಣದ ಬೊಟ್ಟು ಅಷ್ಟು ವರ್ಷದಿಂದ ಕಚ್ಚಿಕೊಂಡದ್ದು, ನೀರಿಗೆಲ್ಲ ಹೋಗದು ಅಂದುಕೊಂಡಳು. ಸ್ಕ್ರೂ ಬಿಚ್ಚಿ, ಗಾಜನ್ನು ತೆಗೆದು, ಸೋಪಿನ ನೀರಲ್ಲಿ ಮುಳುಗಿಸಿದಳು.

ಈ ಕೆಲಸ ಬಲ್ಲವರು ಇಲ್ಲಿ ಎದೆ ಹಿಡಿದುಕೊಳ್ಳುತ್ತಾರೆ. ಆ ಕಾಲದ ಗಾಜುಗಳಲ್ಲಿ ಸ್ಟೇಷನ್ನುಗಳ ಹೆಸರನ್ನು ಹಿಂಬದಿಯಲ್ಲಿ ಬಣ್ಣದಿಂದ ಅಚ್ಚು ಹಾಕಿರುತ್ತಾರೆ. ನೀರು ತಾಗಿತೋ, ಮುಗಿಯಿತು. ದೆಹಲಿ ಬಿಟ್ಟುಕೊಂಡಿತು, ಮದರಾಸು ಬಿಟ್ಟುಕೊಂಡಿತು, ಕೊಲಂಬೊ ಬಕೆಟ್ಟಿನಲ್ಲಿ ತೇಲಿತು. ಗಾಜನ್ನು ಮೇಲೆತ್ತಿದಾಗ ಅದರ ಆಚೆ ಅವಳದೇ ಕೈ ಸ್ವಚ್ಛವಾಗಿ ಕಾಣುತ್ತಿತ್ತು. ಸುಣ್ಣದ ಬೊಟ್ಟೂ ಹೋಗಿತ್ತು.

ಅವಳು ಅಳಲಿಲ್ಲ, ಹೆದರಿದಳು. ಹೆದರಿದವರ ಕೈ ಎಷ್ಟು ಜಾಣ ಆಗುತ್ತದೆ ಅಂತೀರಿ. ಅಂಥದೇ ಇನ್ನೊಂದು, ಗಾಜು ಸೀಳಿದ ರೇಡಿಯೋ ಉಗ್ರಾಣದಲ್ಲಿತ್ತು. ಅದನ್ನು ಎದುರಿಗಿಟ್ಟುಕೊಂಡು, ಸಣ್ಣ ಕುಂಚ ಹಿಡಿದು, ಊಟ ನೀರು ಬಿಟ್ಟು ಒಂದೊಂದೇ ಹೆಸರು ಬರೆದಳು. ಕಡೆಗೆ ನೆನಪಿನಿಂದ ಜಾಗ ಹುಡುಕಿ ಸುಣ್ಣದ ಬೊಟ್ಟನ್ನೂ ಇಟ್ಟಳು.

ಮಾರನೇ ದಿನ ಹಾಲಮ್ಮ ಬಂದಳು. ಗಾಜು ಫಳಫಳ ಅನ್ನುತ್ತಿದೆ ಅಂತ ಹಿಗ್ಗಿದಳು, ನಿನ್ನ ಕೈ ತಣ್ಣಗಿರಲಿ ತಂಗಿ ಅಂತ ಹರಸಿದಳು. ಬೊಟ್ಟಿನ ಮೇಲೆ ಬೆರಳಿಟ್ಟು ಕಣ್ಣಿಗೊತ್ತಿಕೊಂಡಳು. 

ಹಾಗೆ ಮೂರು ಸೋಮವಾರ ಕಳೆದವು. ಮುಕ್ತಾಂಬನಿಗೆ ತುತ್ತು ಇಳಿಯದಾಯಿತು. ಗುರುಗಳಂತೂ ಏನೂ ಕೇಳಲಿಲ್ಲ. ಕಡೆಗೆ ಅವಳೇ ಹೋಗಿ ನಿಂತಳು.

"ಗುರುಗಳೇ, ಆ ಗಾಜಿನ ಸಂಗತಿ ನಿಮಗೆ ಗೊತ್ತೇನು?"

"ಅಕ್ಷರ ಮುದ್ದಾಗಿದೆ" ಅಂದರು.

ಅವಳು ನಡೆದದ್ದೆಲ್ಲ ಹೇಳಿಕೊಂಡಳು. "ಹೇಳಿದರೆ ಆ ಅಜ್ಜಿಗೆ ಇರೋದೊಂದೂ ಹೋಗುತ್ತೆ. ಹೇಳದಿದ್ದರೆ ನನಗೆ ಅನ್ನ ಸೇರಲ್ಲ. ಏನು ಮಾಡಲಿ?"

ಗುರುಗಳು ಅವಳ ಕೈ ಹಿಡಿದು ಕರೆದುಕೊಂಡು ಹೋಗಿ, ಅವಳ ಬೆರಳನ್ನು ಸುಣ್ಣದ ಬೊಟ್ಟಿನ ಮೇಲೆ ಇಟ್ಟರು.

"ಇಲ್ಲಿ ಯಾರಿದ್ದಾರೆ?"

"ನಾನು."

"ಸೋಮವಾರ ಅವಳು ಯಾರನ್ನ ನೋಡೋಕೆ ಬರ್ತಾಳೆ?"

ಮುಂದಿನ ಸೋಮವಾರ ಮುಕ್ತಾಂಬ ಹಾಲಮ್ಮನ ಕಾಲ ಬಳಿ ಕೂತು ಒಂದೂ ಬಿಡದೆ ಹೇಳಿದಳು. ಹಾಲಮ್ಮ ಗಾಜನ್ನು ನೋಡಿದಳು. ಆಮೇಲೆ ಸೆರಗಿನಿಂದ ಬೆರಳು ಒರೆಸಿಕೊಂಡಳು.

"ಮೂರು ವಾರ ನಿನ್ನ ಬೊಟ್ಟಿಗೆ ಕೈ ಮುಗಿದೆನಲ್ಲೇ" ಅಂದಳು. ಅಷ್ಟೇ ಅಂದು ಹೋದಳು.

ಮುಂದಿನ ಸೋಮವಾರ ಬರಲಿಲ್ಲ. ಅದರಾಚೆಯ ಸೋಮವಾರವೂ ಬರಲಿಲ್ಲ.

ಮುಕ್ತಾಂಬ ತಾನಿಟ್ಟ ಬೊಟ್ಟನ್ನು ಒರೆಸಿಹಾಕಿ, ಬಟ್ಟೆ ಬರೆ ಚೀಲಕ್ಕೆ ತುಂಬಿ, ಊರಿಗೆ ಹೋಗುತ್ತೇನೆ ಅಂದಳು. ಗುರುಗಳು ಬೇಡ ಅನ್ನಲಿಲ್ಲ. ಸಂಜೆ ಆ ರೇಡಿಯೋವನ್ನು ಹತ್ತು ನಿಮಿಷ ಹಾಕಿ, ಆಮೇಲೆ ಹೋಗು ಅಂದರು. ಹಾಕುವಷ್ಟರಲ್ಲಿ ಕಡೇ ಬಸ್ಸು ಹೋಗಿರುತ್ತಿತ್ತು. ಹೀಗೆ ಅವಳು ದಿನಾ ಹೊರಡುತ್ತಿದ್ದಳು, ದಿನಾ ಉಳಿಯುತ್ತಿದ್ದಳು.

ಮೂರನೇ ಸೋಮವಾರ ಹಾಲಮ್ಮ ಬಂದಳು. ಬೆಳಿಗ್ಗೆಯಲ್ಲ, ದೀಪ ಹಚ್ಚುವ ಹೊತ್ತಿಗೆ. ಹೊಳೆಯ ಮೇಲೆ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಪೆಟ್ಟಿಗೆಗಳೆಲ್ಲ ಆಗಷ್ಟೇ ಕಾದು ಗುನುಗಲು ಶುರು ಮಾಡಿದ್ದವು.

ಅವಳು ಯಾರನ್ನೂ ಮಾತಾಡಿಸದೆ ತನ್ನ ರೇಡಿಯೋ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಜೋರಾಗಿ ಹಾಕು" ಅಂದಳು.

ಮುಕ್ತಾಂಬ ಸದ್ದು ಹೆಚ್ಚಿಸಿದಳು. ಹಾಲಮ್ಮ ಗುಂಡಿ ಹಿಡಿದು ತಿರುಗಿಸತೊಡಗಿದಳು. ಒಂದು ಸಿಳ್ಳು ಬಂತು, ಹೋಯಿತು. ಯಾರೋ ಯಾವುದೋ ಭಾಷೆಯಲ್ಲಿ ವಾರ್ತೆ ಓದಿದರು, ನೀರಿನಡಿಯಿಂದ ಓದಿದ ಹಾಗೆ. ತಬಲದ ಎರಡು ಪೆಟ್ಟು ಕೇಳಿ ಮುಳುಗಿಹೋಯಿತು. ಮುಳ್ಳು ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಹತ್ತು ನಿಮಿಷ ಮುಗಿದಿತ್ತು. ಗುರುಗಳು ಬೇರೆ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಆರಿಸಿದರು, ಅದೊಂದನ್ನು ಬಿಟ್ಟರು.

ಕಡೆಗೆ ಒಂದು ಕಡೆ ಹಾಲಮ್ಮನ ಕೈ ನಿಂತಿತು. ಅಲ್ಲಿ ಬರೀ ಮೊರೆತ. ಏಳುತ್ತಿತ್ತು, ಇಳಿಯುತ್ತಿತ್ತು. ಅವಳು ತಲೆ ವಾಲಿಸಿ ಕೇಳಿದಳು. ತುಟಿ ಅಲ್ಲಾಡಿತು. ಕಣ್ಣಿಂದ ಧಾರಾಕಾರ ನೀರು ಬಂತು, ಅವಳು ಒರೆಸಿಕೊಳ್ಳಲೂ ಇಲ್ಲ.

"ಇಲ್ಲೇ ಹಾಡ್ತಿದ್ದಳು ಕಣೇ" ಅಂದಳು. ಸೊಂಟದ ಚೀಲ ಬಿಚ್ಚಿ, ಸುಣ್ಣ ತೆಗೆದು, ಬೆರಳಿನಿಂದ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಳು.

ಆಮೇಲೆ ಮುಕ್ತಾಂಬನ ಕಡೆ ತಿರುಗಿ, ಅಡುಗೆ ಏನು ಮಾಡಿದ್ದೀಯ, ಹಸಿವಾಗಿದೆ ಅಂದಳು. ಮೂವರೂ ಕೂತು ರೊಟ್ಟಿ, ಹುರುಳಿಕಾಳು ಪಲ್ಯ ತಿಂದರು. ಎಷ್ಟೋ ದಿನದ ಮೇಲೆ ಮುಕ್ತಾಂಬ ಎರಡನೇ ರೊಟ್ಟಿ ಹಾಕಿಸಿಕೊಂಡಳು.

ಹಾಲಮ್ಮನನ್ನು ದಾರಿಯವರೆಗೆ ಬಿಟ್ಟು ಬಂದ ಮುಕ್ತಾಂಬ ಗಾಜಿನ ಮುಂದೆ ನಿಂತಳು. ಹೊಸ ಬೊಟ್ಟು ತಾನು ಇಟ್ಟಿದ್ದ ಜಾಗಕ್ಕಿಂತ ಎರಡು ಬೆರಳು ಆಚೆಗಿತ್ತು. ದುರ್ಗಪ್ಪ ಬದುಕಿದ್ದಾಗ ಆ ರೇಡಿಯೋ ಎಷ್ಟೋ ಸಲ ಗುರುಗಳ ಹತ್ತಿರ ರಿಪೇರಿಗೆ ಬಂದಿತ್ತು. ಅವನ ಬೊಟ್ಟು ಎಲ್ಲಿತ್ತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಗುರುಗಳೇ, ನಾನು ತಪ್ಪು ಜಾಗದಲ್ಲಿ ಇಟ್ಟಿದ್ದೆನಾ?"

"ಇಲ್ಲ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ದುರ್ಗಪ್ಪ ಇಟ್ಟಿದ್ದೂ ಅಲ್ಲೇ."

"ಹಾಗಾದರೆ ಅಜ್ಜಿ ಇಟ್ಟದ್ದು?"

"ತಪ್ಪು ಜಾಗ."

 ಮುಕ್ತಾಂಬ ಮೇಜಿನ ಮೇಲಿದ್ದ ಬಟ್ಟೆಯನ್ನು ಕೈಗೆತ್ತಿಕೊಂಡು, ಇದನ್ನು ಒರೆಸಿ ಬೊಟ್ಟನ್ನು ನಿಜವಾದ ಜಾಗಕ್ಕೆ ಇಟ್ಟುಬಿಡಲೇ ಅಂತ ಕೇಳಿದಳು.

ಗುರುಗಳು ಹೇಳಿದರು: "ನಿಜವಾದ ಜಾಗದ ಮೇಲೆ ಬೆರಳಿಟ್ಟು ಅವಳು ಹನ್ನೊಂದು ವರ್ಷ ಕೂತಳು, ಒಂದು ಸಲವೂ ರೇಡಿಯೋ ಹಾಕು ಅನ್ನಲಿಲ್ಲ. ಇವತ್ತು ಬರೀ ಮೊರೆತದಲ್ಲೇ ಹಾಡು ಕೇಳಿ ಹೋದಳು. ಬಟ್ಟೆ ಕೆಳಗಿಡು."